ಸಾಲಗಾರನಿಗೆ ಕವಚ ದೊರೆತಿದೆ, ಜಾಮೀನು ನಿಂತವನಿಗೆ?

ಜಮೀನು ಎಂಬ ಪದಕ್ಕೂ ಜಾಮೀನು ಎಂಬ ಪದಕ್ಕೂ ಕನ್ನಡದಲ್ಲಿ ಒಂದೇ ಒಂದು ದೀರ್ಘಸ್ವರದ ಅಂತರ. ವ್ಯವಹಾರದಲ್ಲಿಯೂ ಅವೆರಡರ ನಡುವಣ ದೂರ ಅಷ್ಟೇ ಅಲ್ಪವಾದದ್ದು ಎಂಬುದನ್ನು ಮುಂಬಯಿ, ಪುಣೆಗಳ ನಮ್ಮವರಲ್ಲಿ ಅನೇಕರು ತಡವಾಗಿ ಅರಿತುಕೊಳ್ಳುತ್ತಾರೆ. ಹೋಟೆಲು ವಿಸ್ತರಿಸುವ ಊರಿನವನೊಬ್ಬನ ಸಾಲಕ್ಕೋ, ಸಹೋದ್ಯೋಗಿಯ ಮಗಳ ಮದುವೆಯ ಸಾಲಕ್ಕೋ ಶ್ಯೂರಿಟಿ ಹಾಕಿ ಮರೆತುಬಿಟ್ಟವರಿಗೆ, ಆರೇಳು ವರ್ಷಗಳ ಅನಂತರ ಒಂದು ದಿನ ಅಂಚೆಯಲ್ಲಿ ನೋಟೀಸು ಬರುತ್ತದೆ. ಸಾಲ ಪಡೆದವನು ಅಷ್ಟರೊಳಗೆ ಅಂಗಡಿ ಮುಚ್ಚಿ ಊರು ಸೇರಿರುತ್ತಾನೆ. ಅಥವಾ ಇದೇ ನಗರದಲ್ಲಿದ್ದು ದೂರವಾಣಿಗೆ ಸಿಗದವನಾಗಿರುತ್ತಾನೆ. ನೋಟೀಸು ಹಿಡಿದು ಬ್ಯಾಂಕಿಗೆ ಬರುವವರ ಮೊದಲ ಮಾತು ಬಹುತೇಕ ಒಂದೇ: "ನಾನು ಸಾಲ ಪಡೆದವನಲ್ಲ, ಬರಿಯ ಸಹಿ ಹಾಕಿದವನು."

ಈ 'ಬರಿಯ ಸಹಿ'ಯ ಕುರಿತು ಇಂದು ಬರೆಯಬೇಕೆನಿಸಲು ಕಾರಣವಿದೆ. ಕಳೆದ ಮೂರು ನಾಲ್ಕು ವರ್ಷಗಳಲ್ಲಿ ಸಾಲ ಪಡೆಯುವ ಸಾಮಾನ್ಯ ಗ್ರಾಹಕನ ರಕ್ಷಣೆಗಾಗಿ ರಿಸರ್ವ್ ಬ್ಯಾಂಕು ಒಂದರ ಹಿಂದೊಂದರಂತೆ ಹಲವು ಆದೇಶಗಳನ್ನು ಹೊರಡಿಸಿದೆ. ವಸೂಲಿ ಏಜೆಂಟರು ಬೆಳಗಿನ 8 ಗಂಟೆಗೆ ಮೊದಲು, ಸಂಜೆ 7ರ ಅನಂತರ ಸಾಲಗಾರನಿಗೆ ದೂರವಾಣಿ ಮಾಡಕೂಡದೆಂದೂ, ಅವನ ಕುಟುಂಬದವರನ್ನು, ಗೆಳೆಯರನ್ನು, ಅರ್ಜಿಯಲ್ಲಿ ಪರಿಚಯಕ್ಕಾಗಿ ಹೆಸರಿಸಿದವರನ್ನು ಪೀಡಿಸಕೂಡದೆಂದೂ 2022ರ ಆಗಸ್ಟ್‌ನಲ್ಲಿ ಅದು ಸೂಚಿಸಿತು. ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಆಸ್ತಿಯ ಮೂಲಪತ್ರಗಳನ್ನು ಹಿಂದಿರುಗಿಸಬೇಕು, ತಡವಾದರೆ ದಿನವೊಂದಕ್ಕೆ 5,000 ರೂಪಾಯಿ ಪರಿಹಾರ ತೆರಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ಕಂತು ತಪ್ಪಿದ್ದಕ್ಕೆ ವಿಧಿಸುವ ದಂಡವನ್ನು ಬಡ್ಡಿಯ ರೂಪದಲ್ಲಿ ಸೇರಿಸಿ, ಅದರ ಮೇಲೆ ಮತ್ತೆ ಬಡ್ಡಿ ಹಾಕುವ ಹಳೆಯ ಪದ್ಧತಿಗೆ 2024ರಲ್ಲಿ ತಡೆ ಬಿತ್ತು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ, ವಾರ್ಷಿಕ ಒಟ್ಟು ವೆಚ್ಚದ ದರವನ್ನೂ ಎಲ್ಲ ಶುಲ್ಕಗಳನ್ನೂ ತೋರಿಸುವ 'ಪ್ರಮುಖ ಸಂಗತಿಗಳ ಹೇಳಿಕೆ'ಯನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಕೊಡಬೇಕು. ಅದರಲ್ಲಿ ನಮೂದಿಸದ ಶುಲ್ಕವನ್ನು ಅವನ ಸ್ಪಷ್ಟ ಸಮ್ಮತಿಯಿಲ್ಲದೆ ವಸೂಲು ಮಾಡುವಂತಿಲ್ಲ. ಊರಿನ ಕಡೆಯ ವರ್ತಮಾನ ನೋಡಿದರೆ, ಮೈಕ್ರೊಫೈನಾನ್ಸ್ ವಸೂಲಿಯ ಹಿಂಸೆಗೆ ಹೆದರಿ ಜನ ಮನೆಮಠ ಬಿಟ್ಟ ಸುದ್ದಿಗಳ ಬೆನ್ನಲ್ಲೇ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನೇ ತಂದಿತು.

ಇವೆಲ್ಲವೂ ಸ್ವಾಗತಾರ್ಹವಾದವು. ಬ್ಯಾಂಕಿನ ಒಳಗಿದ್ದು ದುಡಿಯುವ ನನ್ನಂಥವರಿಗೂ ಇವುಗಳಿಂದ ಒಂದು ಬಗೆಯ ನೆಮ್ಮದಿ ದೊರೆತಿದೆ; ಏನು ಹೇಳಬೇಕು, ಏನು ಕೊಡಬೇಕು ಎಂಬುದು ಬರಹದಲ್ಲಿದ್ದರೆ ಗ್ರಾಹಕನೊಡನೆ ವಾದಕ್ಕೆ ಆಸ್ಪದ ಕಡಿಮೆ. ಆದರೆ ಈ ಆದೇಶಗಳನ್ನು ಸಾಲುಸಾಲಾಗಿ ಓದುತ್ತ ಹೋದರೆ ಅವು ಉದ್ದಕ್ಕೂ ಉದ್ದೇಶಿಸಿರುವುದು ಸಾಲಗಾರನನ್ನೇ ಎಂಬುದು ಗಮನಕ್ಕೆ ಬರುತ್ತದೆ. ಹೇಳಿಕೆ ಸಾಲಗಾರನ ಕೈಗೆ, ಅವನ ಭಾಷೆಯಲ್ಲಿ. ಪತ್ರ ಹಿಂದಿರುಗುವುದು ಪತ್ರ ಕೊಟ್ಟವನಿಗೆ. ಅದೇ ಸಾಲದ ಪೂರ್ಣ ಹೊಣೆಯನ್ನು ಹೊತ್ತು, ಒಂದು ರೂಪಾಯಿಯ ಪ್ರಯೋಜನವನ್ನೂ ಪಡೆಯದೆ ಸಹಿ ಹಾಕುವ ಜಾಮೀನುದಾರನ ಕೈಗೆ ಏನು ಬರುತ್ತದೆ ಎಂದು ಕೇಳಿದರೆ ಉತ್ತರ ಅಷ್ಟು ಸಮಾಧಾನಕರವಾಗಿಲ್ಲ.

ಹೊರನಾಡ ಕನ್ನಡಿಗರಿಗೆ ಈ ಪ್ರಶ್ನೆ ಇತರರಿಗಿಂತ ಹತ್ತಿರದ್ದು. ಊರು ಬಿಟ್ಟು ಬಂದವನಿಗೆ ಈ ನಗರದಲ್ಲಿ ಒತ್ತೆ ಇಡಲು ಹೊಲವಿರಲಿಲ್ಲ, ಮನೆಯಿರಲಿಲ್ಲ. ಅವನ ಏಕೈಕ ಬಂಡವಾಳವೆಂದರೆ ಪರಿಚಯ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಪೀಳಿಗೆ ಒಬ್ಬರ ಸಾಲಕ್ಕೊಬ್ಬರು ಸಹಿ ಹಾಕಿಯೇ ಅಂಗಡಿ ತೆರೆಯಿತು, ಉಪನಗರಗಳಲ್ಲಿ ಒಂದು ಕೋಣೆಯ ಮನೆ ಕೊಂಡಿತು, ಮಕ್ಕಳನ್ನು ಇಂಜಿನಿಯರಿಂಗಿಗೆ ಸೇರಿಸಿತು. ನಮ್ಮ ಸಮುದಾಯಗಳು ಇಲ್ಲಿ ಸ್ವಂತ ಸಹಕಾರಿ ಬ್ಯಾಂಕುಗಳನ್ನು ಕಟ್ಟಿದ್ದೂ (1978ರಲ್ಲಿ ಬಿಲ್ಲವರು ಸ್ಥಾಪಿಸಿದ ಭಾರತ್ ಬ್ಯಾಂಕು ಇದಕ್ಕೆ ಸುಪರಿಚಿತ ನಿದರ್ಶನ) ಇದೇ ಪರಸ್ಪರ ವಿಶ್ವಾಸದ ತಳಹದಿಯ ಮೇಲೆ. ಆದ್ದರಿಂದ ಯಾರಿಗೂ ಜಾಮೀನು ನಿಲ್ಲಬೇಡಿ ಎಂಬ ಸುಲಭ ಉಪದೇಶವನ್ನು ನಾನು ಮಾಡಲಾರೆ. ಹಾಗೆ ಹೇಳುವವರು ತಮ್ಮ ಮೊದಲ ಸಾಲದ ಅರ್ಜಿಯ ಕೊನೆಯ ಪುಟದಲ್ಲಿ ಯಾರ ಸಹಿಗಳಿದ್ದವೆಂಬುದನ್ನು ನೆನೆದುಕೊಳ್ಳುವುದು ಒಳ್ಳೆಯದು.

ದೊಡ್ಡ ಬ್ಯಾಂಕುಗಳು ಇಂದು ಸಿಬಿಲ್ ಅಂಕವನ್ನು, ಆದಾಯ ತೆರಿಗೆಯ ದಾಖಲೆಗಳನ್ನು ನೋಡಿ ಸಾಲ ಕೊಡುವುದರಿಂದ ಸಾಮಾನ್ಯ ಗೃಹಸಾಲಕ್ಕೆ ಹೊರಗಿನವರ ಜಾಮೀನು ಕೇಳುವುದು ಹಿಂದಿನಷ್ಟಿಲ್ಲ. ಶೈಕ್ಷಣಿಕ ಸಾಲದ ಕ್ಷೇತ್ರದಲ್ಲಿ ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಅಂಗೀಕರಿಸಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ, ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸೇರುವ ವಿದ್ಯಾರ್ಥಿಗಳಿಗೆ ಅಡಮಾನವನ್ನೂ ಜಾಮೀನನ್ನೂ ಕೇಳದೆ ಸಾಲ ಕೊಡುವ ವ್ಯವಸ್ಥೆ ಮಾಡಿದೆ. ಆದರೆ ಸಹಕಾರಿ ಬ್ಯಾಂಕುಗಳಲ್ಲಿ, ನೌಕರರ ಸಾಲಸಂಘಗಳಲ್ಲಿ, ಇಲ್ಲಿಯ ಗಲ್ಲಿಗಲ್ಲಿಗಳಲ್ಲಿರುವ ಪತ್‌ಪೇಢಿಗಳಲ್ಲಿ ಇಬ್ಬರ ಜಾಮೀನು ಎಂಬುದು ಇಂದಿಗೂ ಸಾಲಕ್ಕೆ ಹೆಬ್ಬಾಗಿಲು. ಹೋಟೆಲು, ಕೇಟರಿಂಗ್, ಸಾರಿಗೆ ವ್ಯವಹಾರದವರ ವ್ಯಾಪಾರ ಸಾಲಗಳಿಗಂತೂ ಹಲವು ಬ್ಯಾಂಕುಗಳು ಅದನ್ನು ಕೇಳುತ್ತವೆ.

ಇನ್ನು ಕಾನೂನಿನ ವಿಚಾರ. ಜಾಮೀನಿನ ಮೂಲ ಕಾಯಿದೆ 1872ರ ಭಾರತೀಯ ಕರಾರು ಕಾಯಿದೆ. ಅದರ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದ ಹೊರತು, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ಅಸಲು, ಬಡ್ಡಿ, ಖರ್ಚು ಎಲ್ಲವೂ ಅದರಲ್ಲಿ ಸೇರುತ್ತವೆ. 'ಮೊದಲು ಸಾಲಗಾರನನ್ನು ಹಿಡಿಯಲಿ, ಅವನಲ್ಲಿ ಏನೂ ಸಿಗದಿದ್ದರೆ ನನ್ನ ಬಳಿ ಬರಲಿ' ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಾಢವಾಗಿದೆಯೆಂದರೆ ವಿದ್ಯಾವಂತರೂ, ವಕೀಲರ ನೆಂಟರೂ ಅದನ್ನು ಕಾನೂನೆಂದೇ ಭಾವಿಸಿದ್ದಾರೆ. ಸುಪ್ರೀಂ ಕೋರ್ಟು ಬ್ಯಾಂಕ್ ಆಫ್ ಬಿಹಾರ್ ಮೊಕದ್ದಮೆಯಲ್ಲಿ 1968ರಲ್ಲಿಯೇ ಈ ನಂಬಿಕೆಯನ್ನು ತಳ್ಳಿಹಾಕಿತು. ಕೆಳಗಿನ ನ್ಯಾಯಾಲಯಗಳು ಬ್ಯಾಂಕು ಮೊದಲು ಸಾಲಗಾರನ ಮೇಲಿನ ಕ್ರಮಗಳನ್ನೆಲ್ಲ ಮುಗಿಸಿ ಅನಂತರ ಜಾಮೀನುದಾರನ ಕಡೆ ತಿರುಗಬೇಕೆಂದು ವಿಧಿಸಿದ್ದವು. ಹಾಗೆ ಕಾಯಬೇಕಾದರೆ ಜಾಮೀನು ಪಡೆಯುವ ಉದ್ದೇಶವೇ ಕೆಡುತ್ತದೆಂಬ ಅಭಿಪ್ರಾಯದಿಂದ ಸರ್ವೋಚ್ಚ ನ್ಯಾಯಾಲಯ ಆ ಷರತ್ತನ್ನು ತೆಗೆದುಹಾಕಿತು. ಸಾಲಕ್ಕೆ ಅಡಮಾನದ ಆಸ್ತಿಯಿದ್ದಾಗ ಮೊದಲು ಅದನ್ನು ಮಾರಬೇಕೇ ಎಂಬ ಪ್ರಶ್ನೆಯಲ್ಲಿ 1987ರ ಒಂದು ತೀರ್ಪು ಜಾಮೀನುದಾರರ ಕಡೆಗೆ ಕೊಂಚ ವಾಲಿತ್ತು. 1992ರಲ್ಲಿ ಸ್ಟೇಟ್ ಬ್ಯಾಂಕಿನ ಇಂಡೆಕ್ಸ್‌ಪೋರ್ಟ್ ಮೊಕದ್ದಮೆಯ ತೀರ್ಪು ಬಂದಾಗ ಆ ಆಸರೆಯೂ ಉಳಿಯಲಿಲ್ಲ. ಅಂದರೆ, ಸಾಲಗಾರನ ಮನೆ ಅಡಮಾನದಲ್ಲಿರುವಾಗಲೂ ಬ್ಯಾಂಕು ಮೊದಲಿಗೆ ಜಾಮೀನುದಾರನ ಬಾಗಿಲು ತಟ್ಟಬಹುದು. ಸಂಬಳದ ಖಾತೆ, ಠೇವಣಿ ಇರುವ ಗೌರವಸ್ಥನಿಂದ ವಸೂಲು ಮಾಡುವುದು, ಮನೆಯೊಂದನ್ನು ಹರಾಜು ಹಾಕುವುದಕ್ಕಿಂತ ಸುಲಭವೆಂಬುದನ್ನು ಯಾವ ವಸೂಲಿ ಅಧಿಕಾರಿಗೂ ಹೇಳಿಕೊಡಬೇಕಾಗಿಲ್ಲ.

ಹಾಗೆಂದು 1872ರ ಕಾಯಿದೆ ಜಾಮೀನುದಾರನನ್ನು ಬರಿಗೈಯಲ್ಲಿ ನಿಲ್ಲಿಸಿಲ್ಲ. ಅವನ ಒಪ್ಪಿಗೆ ಕೇಳದೆ ಸಾಲದ ಕರಾರನ್ನು ಬದಲಾಯಿಸಿದರೆ, ಬದಲಾವಣೆಯ ಅನಂತರದ ವ್ಯವಹಾರಗಳಿಂದ ಅವನು ಮುಕ್ತ ಎನ್ನುತ್ತದೆ 133ನೆಯ ಕಲಮು. ಸಾಲಗಾರನನ್ನು ಬಿಡುಗಡೆ ಮಾಡಿದರೆ, ಅವನೊಡನೆ ರಾಜಿ ಮಾಡಿಕೊಂಡರೆ, ಕರಾರಿನಂತೆ ಕಾಲಾವಕಾಶ ಕೊಟ್ಟರೆ ಜಾಮೀನುದಾರನೂ ಬಿಡುಗಡೆ ಹೊಂದುತ್ತಾನೆಂದು 134, 135ನೆಯ ಕಲಮುಗಳು ಹೇಳುತ್ತವೆ. ಸಾಲ ಕೊಟ್ಟವನು ತನ್ನಲ್ಲಿರುವ ಒತ್ತೆಯನ್ನು ಕಳೆದರೆ ಅದರ ಬೆಲೆಯ ಮಟ್ಟಿಗೆ ಜಾಮೀನುದಾರನ ಹೊಣೆ ಇಳಿಯುತ್ತದೆಂಬುದು 141ನೆಯ ಕಲಮು. ಇವು ಹೊತ್ತಗೆಯಲ್ಲಿ ಮಾತ್ರ ಉಳಿದ ಹಕ್ಕುಗಳಲ್ಲ. ಸ್ಟೇಟ್ ಬ್ಯಾಂಕ್ ಆಫ್ ತಿರುವಾಂಕೂರಿನ ವಿರುದ್ಧದ 1968ರ ಮೊಕದ್ದಮೆಯಲ್ಲಿ ಒತ್ತೆಯ ದಾಸ್ತಾನು ಕಡಿಮೆಯಾದಷ್ಟಕ್ಕೆ ಜಾಮೀನುದಾರನಿಗೆ ವಿನಾಯಿತಿ ದೊರೆಯಿತು. 1980ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಸೌರಾಷ್ಟ್ರದ ಮೊಕದ್ದಮೆಯಲ್ಲಿ, ಬ್ಯಾಂಕಿನ ಅಜಾಗರೂಕತೆಯಿಂದ ಒತ್ತೆಯ ಸರಕು ಕಳೆದುಹೋಗಿದ್ದರಿಂದ ಸುಪ್ರೀಂ ಕೋರ್ಟು ಜಾಮೀನುದಾರನ ಪಕ್ಷ ಹಿಡಿಯಿತು.

ಹಾಗಾದರೆ ತೊಡಕೆಲ್ಲಿ? ಬ್ಯಾಂಕಿನ ಅಚ್ಚಾದ ಜಾಮೀನು ಪತ್ರದಲ್ಲಿದೆ. ಸಣ್ಣ ಅಕ್ಷರದ ಹತ್ತಾರು ಪರಿಚ್ಛೇದಗಳಲ್ಲಿ ಒಂದು ಕಡೆ, ಕರಾರು ಕಾಯಿದೆಯ 133, 134, 135, 139 ಮತ್ತು 141ನೆಯ ಕಲಮುಗಳಿಂದ ತನಗೆ ಲಭಿಸುವ ಹಕ್ಕುಗಳನ್ನು ತಾನು ಬಿಟ್ಟುಕೊಟ್ಟಿದ್ದೇನೆಂಬ ಒಂದು ವಾಕ್ಯವಿರುತ್ತದೆ. ನೂರೈವತ್ತು ವರ್ಷಗಳ ಹಿಂದೆ ಶಾಸನ ಕೊಟ್ಟ ರಕ್ಷಣೆ ಆ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಹಾಗೆ ಬಿಟ್ಟುಕೊಡುವುದು ಕಾನೂನುಸಮ್ಮತವೇ ಎಂಬ ಪ್ರಶ್ನೆ ನ್ಯಾಯಾಲಯಗಳ ಮುಂದೆ ಬಂದಿದೆ. ಬ್ಯಾಂಕ್ ಆಫ್ ಬರೋಡಾ ಕಕ್ಷಿಯಾಗಿದ್ದ ಮೊಕದ್ದಮೆಯೊಂದರಲ್ಲಿ, ತೊಂಬತ್ತರ ದಶಕದ ಆರಂಭದಲ್ಲಿ, ಕರ್ನಾಟಕ ಹೈಕೋರ್ಟು ಈ ಹಕ್ಕುಗಳನ್ನು ಜಾಮೀನುದಾರನು ಕರಾರಿನಿಂದ ಬಿಟ್ಟುಕೊಡಬಹುದೆಂದೇ ಅಭಿಪ್ರಾಯಪಟ್ಟಿತು. ಸ್ವಂತ ಇಚ್ಛೆಯಿಂದ, ತಿಳಿದು ಬಿಟ್ಟುಕೊಟ್ಟವನ ಮಟ್ಟಿಗೆ ಆ ತರ್ಕ ಸರಿ. ಆದರೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಅಚ್ಚಾದ ಪತ್ರದಲ್ಲಿ, ಪೆನ್ಸಿಲಿನಿಂದ ಅಡ್ಡಗೆರೆ ಹಾಕಿದ ಜಾಗಗಳಲ್ಲೆಲ್ಲ ಊಟದ ವಿರಾಮದಲ್ಲಿ ಬಂದು ಸಹಿ ಹಾಕಿ ಓಡುವ ಕಾರ್ಖಾನೆಯ ನೌಕರನು ಏನನ್ನು ತಿಳಿದು ಬಿಟ್ಟುಕೊಟ್ಟಂತಾಯಿತು?

ಇದಕ್ಕೆ ಪ್ರತಿಯಾಗಿ ಬ್ಯಾಂಕಿನ ಕಡೆಯ ವಾದವನ್ನೂ ಹೇಳಬೇಕು. ಸಾಲವಾಗಿ ಹೋಗುವುದು ಠೇವಣಿದಾರರ ಹಣ. ಆ ಠೇವಣಿದಾರರಲ್ಲಿ ನಿವೃತ್ತರು, ವಿಧವೆಯರು, ಸಣ್ಣ ವರ್ತಕರು ಇದ್ದಾರೆ. ಸಾಲಗಾರನು ಕಷ್ಟದಲ್ಲಿದ್ದಾಗ ಕಂತನ್ನು ಮುಂದೂಡುವ, ಮರುಹೊಂದಿಸುವ ಪ್ರತಿ ಸಂದರ್ಭದಲ್ಲಿಯೂ ಜಾಮೀನುದಾರನು ಜಾರಿಕೊಳ್ಳುವಂತಿದ್ದರೆ ಯಾವ ಬ್ಯಾಂಕೂ ಯಾರಿಗೂ ಕರುಣೆ ತೋರಲಾರದು. ಈ ಮಾತಿನಲ್ಲಿ ಸತ್ಯವಿದೆ. ಕೋವಿಡ್ ವರ್ಷದಲ್ಲಿ, 2020ರಲ್ಲಿ, ಕಂತುಗಳಿಗೆ ಆರು ತಿಂಗಳ ವಿರಾಮ ಕೊಟ್ಟಾಗ ಅದರ ಉಪಯೋಗ ಪಡೆದವರಲ್ಲಿ ನಮ್ಮ ಹೋಟೆಲು ಉದ್ಯಮಿಗಳೂ ಇದ್ದರು. ಆದರೆ ಹಕ್ಕನ್ನು ಬಿಡಿಸಿಕೊಳ್ಳುವುದು ಬೇರೆ, ಬಿಡಿಸಿಕೊಂಡದ್ದನ್ನು ಹೇಳದಿರುವುದು ಬೇರೆ. ಕರಾರು ಬದಲಾದರೆ ಒಪ್ಪಿಗೆ ಕೇಳಬೇಕಾಗಿಲ್ಲವೆಂದು ಬರೆಸಿಕೊಂಡ ಬ್ಯಾಂಕು, ಬದಲಾಗಿದೆ ಎಂದು ಒಂದು ಕಾಗದವನ್ನಾದರೂ ಬರೆಯಬಾರದೇ?

ಹೀಗೆ ಕಾಗದ ಬರೆಯಬೇಕೆಂಬ ಕಟ್ಟಳೆ ನಮ್ಮಲ್ಲಿ ಒಂದು ಕಾಲದಲ್ಲಿ ಇತ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ತಾರಾಪೋರ್ ಸಮಿತಿಯ ಶಿಫಾರಸಿನ ಮೇರೆಗೆ ರಿಸರ್ವ್ ಬ್ಯಾಂಕು 2006ರಲ್ಲಿ ಬ್ಯಾಂಕಿಂಗ್ ಕೋಡ್ಸ್ ಆ್ಯಂಡ್ ಸ್ಟ್ಯಾಂಡರ್ಡ್ಸ್ ಬೋರ್ಡ್ ಆಫ್ ಇಂಡಿಯಾ ಎಂಬ ಮಂಡಳಿಯನ್ನು ರಚಿಸಿತ್ತು. ಗ್ರಾಹಕರಿಗೆ ಬ್ಯಾಂಕುಗಳು ನೀಡುವ ವಚನಗಳ ಸಂಹಿತೆಯನ್ನು ಅದು ಪ್ರಕಟಿಸಿತು. ಆ ಸಂಹಿತೆಯಲ್ಲಿ ಜಾಮೀನುದಾರನಿಗೆಂದೇ ಒಂದು ಭಾಗವಿತ್ತು. ಅವನ ಹೊಣೆ ಎಷ್ಟು ಮೊತ್ತದ್ದು, ಅದಕ್ಕೆ ಮಿತಿಯಿದೆಯೇ ಇಲ್ಲವೇ, ಯಾವ ಸಂದರ್ಭದಲ್ಲಿ ಹಣ ಕೇಳಲಾಗುತ್ತದೆ, ಕೊಡದಿದ್ದರೆ ಅದೇ ಬ್ಯಾಂಕಿನಲ್ಲಿರುವ ಅವನ ಇತರ ಹಣದ ಮೇಲೆ ಕೈಹಾಕಲಾಗುತ್ತದೆಯೇ, ಹೊಣೆ ಯಾವಾಗ ಹೇಗೆ ತೀರುತ್ತದೆ ಎಂಬುದನ್ನೆಲ್ಲ ಮುಂಚಿತವಾಗಿ ತಿಳಿಸುತ್ತೇವೆ. ಸಾಲಗಾರನ ಆರ್ಥಿಕ ಸ್ಥಿತಿ ಗಣನೀಯವಾಗಿ ಹದಗೆಟ್ಟರೆ ಅದನ್ನೂ ತಿಳಿಸುತ್ತೇವೆ ಎಂಬುದು ಅದರ ಸಾರ. ಇದು ಸದಸ್ಯ ಬ್ಯಾಂಕುಗಳು ಸ್ವಯಂಪ್ರೇರಣೆಯಿಂದ ಒಪ್ಪಿಕೊಂಡ ಸಂಹಿತೆ. ಕಾನೂನಿನ ಬಲ ಅದಕ್ಕಿರಲಿಲ್ಲ. ಕಾಲಾನಂತರದಲ್ಲಿ ಮಂಡಳಿಯನ್ನೇ ವಿಸರ್ಜಿಸಲಾಯಿತು. ಸಾಲಗಾರನಿಗೆ ಕೊಟ್ಟ ಹಳೆಯ ವಚನಗಳಲ್ಲಿ ಹಲವು ಅನಂತರ ರಿಸರ್ವ್ ಬ್ಯಾಂಕಿನ ಕಡ್ಡಾಯ ಆದೇಶಗಳಾಗಿ ಗಟ್ಟಿಗೊಂಡವು. ಜಾಮೀನುದಾರನಿಗೆ ಕೊಟ್ಟ ವಚನಕ್ಕೆ 'ಪ್ರಮುಖ ಸಂಗತಿಗಳ ಹೇಳಿಕೆ'ಯಂಥ ಗಟ್ಟಿ ರೂಪ ದೊರೆಯಲಿಲ್ಲ. ನನ್ನ ದೃಷ್ಟಿಯಲ್ಲಿ ಇಂದಿನ ಕೊರತೆಯ ಮೂಲ ಇಲ್ಲಿಯೇ ಇದೆ.

ಈ ಮೌನದ ಬೆಲೆ ಎಷ್ಟೆಂಬುದನ್ನು ಅರಿಯಲು ಕಾಲಕ್ರಮವನ್ನು ನೋಡಿದರೆ ಸಾಕು. ಕಂತು ತಪ್ಪಿ 90 ದಿನ ಕಳೆದಾಗ ಸಾಲ ಅನುತ್ಪಾದಕವೆನಿಸುತ್ತದೆ. ಮೊದಲ ಕಂತು ತಪ್ಪಿದಾಗಲೇ ತಿಳಿದಿದ್ದರೆ ಜಾಮೀನು ನಿಂತವನು ಅಂಗಡಿಗೆ ಹೋಗಿ ನಾಲ್ಕು ಮಾತು ಹೇಳಬಹುದಿತ್ತು, ಊರಿನ ಹಿರಿಯರಿಂದ ಹೇಳಿಸಬಹುದಿತ್ತು. ವ್ಯಾಪಾರ ನಡೆಯುತ್ತಿರುವಾಗ, ಸರಕು ಇರುವಾಗ ಮಾತಿಗೆ ಬೆಲೆಯಿರುತ್ತದೆ. ನೋಟೀಸು ಬರುವ ಹೊತ್ತಿಗೆ ಬಡ್ಡಿ ಬೆಳೆದಿರುತ್ತದೆ, ಸರಕು ಕರಗಿರುತ್ತದೆ. ಇತ್ತ ತನ್ನದೇ ಮಗನ ಮದುವೆಗೋ ಮನೆಯ ದುರಸ್ತಿಗೋ ಸಾಲ ಕೇಳಲು ಹೋದಾಗ, ಜಾಮೀನು ನಿಂತ ಖಾತೆಯ ಬಾಕಿ ತನ್ನ ಸಿಬಿಲ್ ವರದಿಯಲ್ಲಿ ಕಾಣಿಸಿಕೊಂಡಿರುವುದನ್ನು ನೋಡಿ ತಬ್ಬಿಬ್ಬಾಗುವವರಿದ್ದಾರೆ. ಅದಕ್ಕಿಂತ ಗಂಭೀರವಾದ ಸಂಗತಿ, ದೊಡ್ಡ ಮೊತ್ತದ ಸಾಲಗಳಲ್ಲಿ, ಶಕ್ತಿಯಿದ್ದೂ ಬ್ಯಾಂಕಿನ ಬೇಡಿಕೆಯನ್ನು ನಿರಾಕರಿಸುವ ಜಾಮೀನುದಾರನನ್ನು ಉದ್ದೇಶಪೂರ್ವಕ ಬಾಕಿದಾರನೆಂದು ಘೋಷಿಸಬಹುದೆಂಬ ನಿಲುವನ್ನು ರಿಸರ್ವ್ ಬ್ಯಾಂಕು 2014ರಲ್ಲಿ ಸ್ಪಷ್ಟಪಡಿಸಿ, 2024ರ ಜುಲೈನಲ್ಲಿ ಹೊರಡಿಸಿದ ನಿರ್ದೇಶನದಲ್ಲಿಯೂ ಉಳಿಸಿಕೊಂಡಿತು. ಅಲ್ಲಿ 25 ಲಕ್ಷ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಬಾಕಿಗಳು ಬರುತ್ತವೆ. ಶಿಕ್ಷೆಯ ವಿಚಾರ ಬಂದಾಗ ನಿಯಮಗಳು ಜಾಮೀನುದಾರನನ್ನು ಮರೆಯುವುದಿಲ್ಲ, ಮಾಹಿತಿಯ ವಿಚಾರದಲ್ಲಿ ಮಾತ್ರ ಮರೆಯುತ್ತವೆ.

ಮಹಾರಾಷ್ಟ್ರದಲ್ಲಿ ವಾಸಿಸುವವರು ತಿಳಿದಿರಬೇಕಾದ ಮತ್ತೊಂದು ವಿಷಯವಿದೆ. ಇಲ್ಲಿಯ ಸಹಕಾರಿ ಸಂಘಗಳ 1960ರ ಕಾಯಿದೆಯ 101ನೆಯ ಕಲಮಿನಡಿ ಪತ್‌ಪೇಢಿಗಳೂ ರಾಜ್ಯ ನೋಂದಣಿಯ ಸಹಕಾರಿ ಬ್ಯಾಂಕುಗಳೂ ಸಿವಿಲ್ ನ್ಯಾಯಾಲಯಕ್ಕೆ ಹೋಗದೆ, ನಿಬಂಧಕರಿಂದ ನೇರವಾಗಿ ವಸೂಲಿ ಪ್ರಮಾಣಪತ್ರ ಪಡೆಯಬಹುದು. ಮರಾಠಿಯಲ್ಲಿ ಜನ ಇದನ್ನು '101ಚಾ ದಾಖಲಾ' ಎನ್ನುತ್ತಾರೆ. ಅದು ಭೂಕಂದಾಯದ ಬಾಕಿಯಂತೆ ವಸೂಲಾಗುತ್ತದೆ. ಅದರ ವಿರುದ್ಧ ಪುನರ್ವಿಮರ್ಶೆಯ ಅರ್ಜಿ ಹಾಕಬೇಕಾದರೆ 154ನೆಯ ಕಲಮಿನ ಪ್ರಕಾರ ಬಾಕಿಯ ಅರ್ಧ ಮೊತ್ತವನ್ನು ಮೊದಲು ಕಟ್ಟಬೇಕು. 10 ಲಕ್ಷದ ಸಾಲಕ್ಕೆ ಸಹಿ ಹಾಕಿದ ಕ್ಲಾರ್ಕೊಬ್ಬನು ತನ್ನ ಅಹವಾಲನ್ನು ಹೇಳಿಕೊಳ್ಳುವ ಮೊದಲು 5 ಲಕ್ಷ ಹೊಂದಿಸಬೇಕು! ಆದ್ದರಿಂದ ಪ್ರಮಾಣಪತ್ರ ಹೊರಡುವುದಕ್ಕೆ ಮುನ್ನ ಉಪನಿಬಂಧಕರ ಕಚೇರಿಯಿಂದ ಬರುವ ವಿಚಾರಣೆಯ ನೋಟೀಸನ್ನು ಅಲಕ್ಷಿಸುವುದು ಬಲು ದುಬಾರಿಯ ಪ್ರಮಾದ. 'ಸಾಲಗಾರ ನೋಡಿಕೊಳ್ಳುತ್ತಾನೆ' ಎಂದು ಆ ವಿಚಾರಣೆಗೆ ಹೋಗದಿರುವವರೇ ಹೆಚ್ಚು. ಇದೇ ಕಾಯಿದೆಯ 49ನೆಯ ಕಲಮು ಸಂಘದ ಸದಸ್ಯನು ಬರೆದುಕೊಟ್ಟ ಒಪ್ಪಿಗೆಯ ಮೇರೆಗೆ ಮಾಲೀಕನು ಅವನ ಸಂಬಳದಿಂದ ಬಾಕಿಯನ್ನು ಕಡಿದು ಕಟ್ಟುವುದಕ್ಕೆ ಅವಕಾಶ ಕೊಡುತ್ತದೆ. ಇನ್ನು ಬಹುರಾಜ್ಯ ಸಹಕಾರಿ ಬ್ಯಾಂಕುಗಳಾದರೆ ಅವುಗಳ ದಾರಿ 2002ರ ಬಹುರಾಜ್ಯ ಸಹಕಾರ ಕಾಯಿದೆಯ ಪಂಚಾಯ್ತಿಕೆ. ತಮ್ಮ ಮನೆಯನ್ನೇ ಅಡವಿಟ್ಟು ಜಾಮೀನು ನಿಂತವರ ಮೇಲೆ ಸರ್ಫೇಸಿ ಕಾಯಿದೆಯೂ ಇದೆ. ಅದು ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮೇ ತಿಂಗಳಲ್ಲಿ ಹೇಳಿತು. ಆ ಕಾಯಿದೆಯ 60 ದಿನಗಳ ನೋಟೀಸಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನಗಳೊಳಗೆ ಉತ್ತರಿಸಬೇಕು. ಸ್ವಾಧೀನದ ಕ್ರಮವನ್ನು ಕೈಗೊಂಡರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು.

ಹಳೆಯ ಜಾಮೀನುಗಳ ಬಗೆಗೂ ಒಂದು ಮಾತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಕರಾವಳಿಯ ಆ ಬ್ಯಾಂಕುಗಳ ಮುಂಬಯಿ ಶಾಖೆಗಳಲ್ಲಿ ನಮ್ಮವರು ಹಾಕಿದ ಸಹಿಗಳು ಅಳಿಸಿಹೋಗಿಲ್ಲ; ಫಲಕ ಬದಲಾದರೂ ಜಾಮೀನು ಪತ್ರ ಹೊಸ ಬ್ಯಾಂಕಿನ ಕಪಾಟಿಗೆ ಹೋಗಿದೆ. ವರ್ಷವರ್ಷ ನವೀಕರಣಗೊಳ್ಳುವ ಓವರ್‌ಡ್ರಾಫ್ಟ್‌ಗೆ ನಿಂತದ್ದು ಮುಂದುವರಿಯುವ ಜಾಮೀನು. ಅದನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ಲಿಖಿತ ನೋಟೀಸು ಕೊಟ್ಟು ಹಿಂದೆ ಪಡೆಯಲು 130ನೆಯ ಕಲಮು ಅವಕಾಶ ಕೊಡುತ್ತದೆ. ಅಲ್ಲಿಯವರೆಗಿನ ಬಾಕಿಯ ಹೊಣೆ ಉಳಿಯುತ್ತದೆ. ನಿವೃತ್ತಿಯಾಗುವವರು, ಊರಿಗೆ ಮರಳುವವರು ಈ ಒಂದು ಕಾಗದವನ್ನು ಬರೆಯುವುದು ಅಗತ್ಯ, ಏಕೆಂದರೆ ಕಾಲ ಕಳೆಯಿತೆಂದು ಹೊಣೆ ತಾನಾಗಿ ಕಳೆಯುವುದಿಲ್ಲ. ಕರ್ನಾಟಕದಿಂದಲೇ ಹೋದ ಸಿಂಡಿಕೇಟ್ ಬ್ಯಾಂಕು ಮತ್ತು ಚನ್ನವೀರಪ್ಪ ಬೇಲೇರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದ್ದು ಇದನ್ನೇ. 'ಬೇಡಿಕೆ ಬಂದಾಗ ಕೊಡುತ್ತೇನೆ' ಎಂದು ಬರೆದುಕೊಟ್ಟ ಜಾಮೀನಿನಲ್ಲಿ ಮೂರು ವರ್ಷಗಳ ಕಾಲಮಿತಿ, ಸಾಲ ನಿಂತ ದಿನದಿಂದಲ್ಲ, ಜಾಮೀನುದಾರನಿಗೆ ಬೇಡಿಕೆ ಸಲ್ಲಿಸಿ ಅವನು ಕೊಡದಿದ್ದಾಗಿನಿಂದ ಆರಂಭವಾಗುತ್ತದೆ; ಬೇಡಿಕೆಯ ದಿನ ಸಾಲದ ಹಕ್ಕು ಜೀವಂತವಿದ್ದರೆ ಸಾಕು. ಜಾಮೀನುದಾರ ತೀರಿಕೊಂಡರೆ ಅಲ್ಲಿಯವರೆಗೆ ಹುಟ್ಟಿದ ಹೊಣೆ ಅವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ವಾರಸುದಾರರನ್ನು ಹಿಂಬಾಲಿಸುತ್ತದೆ.

ಹಾಗಾದರೆ ಏನಾಗಬೇಕು? ನನ್ನ ಬೇಡಿಕೆ ದೊಡ್ಡದೇನಲ್ಲ. ಜಾಮೀನುದಾರನಿಗೂ ಅವನ ಭಾಷೆಯಲ್ಲಿ ಒಂದು ಪುಟದ ಹೇಳಿಕೆ ಕಡ್ಡಾಯವಾಗಲಿ. ಅವನು ಬಿಟ್ಟುಕೊಡುತ್ತಿರುವ ಹಕ್ಕುಗಳನ್ನು ಅದರಲ್ಲಿ ದಪ್ಪಕ್ಷರದಲ್ಲಿ ಬರೆಯಲಿ. ಸಾಲಗಾರನಿಗೆ ಕಂತು ತಪ್ಪಿದ ಸಂದೇಶ ಹೋಗುವ ದಿನವೇ ಜಾಮೀನುದಾರನ ಮೊಬೈಲಿಗೂ ಹೋಗಲಿ; ಇದಕ್ಕೆ ಬ್ಯಾಂಕಿಗೆ ತಗಲುವ ಖರ್ಚು ಕೆಲವು ಪೈಸೆಗಳು. ಸಾಲ ತೀರಿದಾಗ ಆಸ್ತಿಪತ್ರಗಳಿಗೆ 30 ದಿನಗಳ ಗಡುವು ಇರುವಂತೆಯೇ ಜಾಮೀನುದಾರನಿಗೆ ಬಿಡುಗಡೆಯ ಪತ್ರ ಕೊಡುವುದಕ್ಕೂ ಇರಲಿ. ಲೇವಾದೇವಿಯ ಗೌಪ್ಯ ಹೊರಬೀಳುತ್ತದೆಂಬ ಆಕ್ಷೇಪ ಬರಬಹುದು. ಸಾಲದ ಪೂರ್ಣ ಮೊತ್ತಕ್ಕೆ ಹೊಣೆಯಾದವನಿಂದ ಅದೇ ಸಾಲದ ಸ್ಥಿತಿಯನ್ನು ಗುಟ್ಟಾಗಿಡುವುದರಲ್ಲಿ ಯಾವ ನ್ಯಾಯವಿದೆಯೋ ನಾನರಿಯೆ. ಅರ್ಜಿಯಲ್ಲಿಯೇ ಸಾಲಗಾರನ ಸಮ್ಮತಿ ಪಡೆದರೆ ಆ ಆಕ್ಷೇಪವೂ ಇಲ್ಲವಾಗುತ್ತದೆ. ನಮ್ಮವರೇ ಆಡಳಿತ ನಡೆಸುವ ಸಹಕಾರಿ ಬ್ಯಾಂಕುಗಳು, ಸಾಲಸಂಘಗಳು ರಿಸರ್ವ್ ಬ್ಯಾಂಕಿನ ಆದೇಶಕ್ಕೆ ಕಾಯದೆ ಇದನ್ನು ನಾಳೆಯೇ ಆರಂಭಿಸಬಹುದು. ಮಹಾಸಭೆಗಳಲ್ಲಿ ಲಾಭಾಂಶದ ಪ್ರಶ್ನೆ ಕೇಳುವ ಸದಸ್ಯರು ಈ ಪ್ರಶ್ನೆಯನ್ನೂ ಕೇಳಬೇಕು. ಜಾಮೀನು ಪತ್ರದ ಪ್ರತಿಯನ್ನು ಕನ್ನಡದಲ್ಲಿ ಓದಿ ಹೇಳುವ ಒಂದು ಸಂಜೆಯನ್ನು ಸಂಘಗಳು ವರ್ಷಕ್ಕೊಮ್ಮೆ ಇಟ್ಟುಕೊಂಡರೆ, ಒಂದು ಯಕ್ಷಗಾನ ಕಡಿಮೆಯಾದರೂ ಅಡ್ಡಿಯಿಲ್ಲವೆನ್ನುವಷ್ಟು ಉಪಯೋಗವಾದೀತು. (ಯಕ್ಷಗಾನ ಪ್ರಿಯರು ಕ್ಷಮಿಸಬೇಕು.)

ಅಲ್ಲಿಯವರೆಗೆ ಸಹಿ ಹಾಕುವವರು ತಾವು ಯಾವ ಗೆರೆಯ ಮೇಲೆ ಹಾಕುತ್ತಿದ್ದೇವೆಂಬುದನ್ನಾದರೂ ನೋಡಬೇಕು. ಅರ್ಜಿಯಲ್ಲಿ ಪರಿಚಯಕ್ಕಾಗಿ ಹೆಸರು ಕೊಟ್ಟವನಿಗೆ ಸಾಲದ ಹೊಣೆಯಿಲ್ಲ. ಅಂಥವರಿಗೆ ಏಜೆಂಟರು ಫೋನು ಮಾಡಿ ಬೆದರಿಸಿದರೆ ಬ್ಯಾಂಕಿಗೆ ದೂರು ಕೊಡಬಹುದು. ಸಾಕ್ಷಿಯೂ ಹೊಣೆಗಾರನಲ್ಲ. ಸಹ-ಸಾಲಗಾರನ ಗೆರೆಯಾದರೆ ಅದು ಜಾಮೀನಿಗಿಂತಲೂ ಮುಂದಿನದು, ಅಲ್ಲಿ ಸಾಲ ತನ್ನದೇ. ಜಾಮೀನೇ ಆದಲ್ಲಿ, ಮೊತ್ತದ ಮಿತಿಯನ್ನು ಅಂಕಿ ಅಕ್ಷರಗಳಲ್ಲಿ ಬರೆಸಿ, ಖಾಲಿ ಜಾಗಗಳನ್ನು ತುಂಬಿಸಿ, ಪ್ರತಿಯನ್ನು ಕೇಳಿ ಪಡೆಯಬೇಕು. ಕೇಳಿದವನಿಗೆ ಪ್ರತಿ ಕೊಡಬಾರದೆಂಬ ನಿಯಮವೇನೂ ಇಲ್ಲ, ಕೇಳುವವರೇ ಅಪರೂಪ. ಸಿಬಿಲ್ ಮೊದಲಾದ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ವ್ಯವಸ್ಥೆ 2016ರಲ್ಲಿಯೇ ಬಂದಿದೆ. ಸಾಲಗಾರ ಕಂತು ಕಟ್ಟುತ್ತಿದ್ದಾನೋ ಇಲ್ಲವೋ ಎಂಬುದನ್ನು ಅವನನ್ನು ಕೇಳಿ ಮುಜುಗರಪಡದೆ ತಿಳಿಯುವುದಕ್ಕೆ ಇದು ಸುಲಭೋಪಾಯ.

ಡಿಕ್ರಿಯೇ ಆಗಿಹೋದರೂ ಎಲ್ಲವೂ ಮುಗಿಯಿತೆಂದು ಕಂಗೆಡಬೇಕಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ ಸಿವಿಲ್ ಡಿಕ್ರಿಗಾಗಿ ಸಂಬಳವನ್ನು ಜಪ್ತಿ ಮಾಡುವಾಗ ಮೊದಲ 1,000 ರೂಪಾಯಿಯನ್ನೂ ಉಳಿದುದರ ಮೂರನೆಯ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳಿಗಿಂತ ಹೆಚ್ಚು ಕಾಲ ಜಪ್ತಿ ನಡೆಯುವಂತಿಲ್ಲ. ಭವಿಷ್ಯನಿಧಿ, ಗ್ರಾಚ್ಯುಯಿಟಿ, ಜೀವವಿಮೆಯ ಹಣಕ್ಕೂ ಕಾನೂನಿನ ರಕ್ಷಣೆಯಿದೆ. ಇಬ್ಬರು ಜಾಮೀನುದಾರರಿದ್ದು ಒಬ್ಬನೇ ಪೂರ್ತಿ ಕಟ್ಟಬೇಕಾಗಿ ಬಂದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಮತ್ತೊಬ್ಬನಿಂದ ಅರ್ಧವನ್ನು ಕೇಳುವ ಹಕ್ಕು 146ನೆಯ ಕಲಮಿನಲ್ಲಿದೆ. ಕಟ್ಟಿದವನು ಸಾಲಗಾರನ ವಿರುದ್ಧ ಬ್ಯಾಂಕಿನ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ತೆತ್ತ ಹಣವನ್ನು ಅವನಿಂದ ವಸೂಲು ಮಾಡುವ ಅಧಿಕಾರವನ್ನು 140 ಮತ್ತು 145ನೆಯ ಕಲಮುಗಳು ಕೊಡುತ್ತವೆ. ಊರಿನವನ ಮೇಲೆ ದಾವೆ ಹೂಡುವುದೆಂತು, ನಾಳೆ ಜಾತ್ರೆಯಲ್ಲಿ ಮುಖ ನೋಡುವುದೆಂತು ಎಂಬ ಸಂಕೋಚದಲ್ಲಿ ನಮ್ಮವರು ಈ ಹಕ್ಕನ್ನು ಬಳಸುವುದೇ ಇಲ್ಲ. ಹಣ ತೆತ್ತ ದಿನದಿಂದ ಮೂರು ವರ್ಷ ಕಳೆದರೆ ಅದೂ ಕಾಲಬಾಧಿತವಾಗುತ್ತದೆ.